ಹದಿನೇಳನೇ ನಂಬರಿನ ‘ಪುಟ್ ಆಫ್’

ಇಂಗ್ಲಿಷ್ ಕಲಿಸುವ ನೌಕರಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, “ಸರ್, ನಿಮ್ಮ ಅನುಭವ ಬರೀರಿ, ನಮಗ ಉಪಯೋಗ ಆಗ್ತದ” ಎನ್ನುತ್ತಾರೆ. ಆಗುತ್ತದೋ ಇಲ್ಲವೋ ದೇವರಿಗೇ ಗೊತ್ತು. ಬಡ್ತಿ, ಸನ್ಮಾನಗಳ ಸುದ್ದಿ ನಾನು ಹೇಳುವುದಿಲ್ಲ. ಹೊದಿಸಿದ ಶಾಲುಗಳು ಟ್ರಂಕಿನಲ್ಲಿ ನುಸಿಗೆ ಊಟವಾಗಿವೆ. ನಾನು ಹೇಳಬೇಕೆಂದಿರುವುದು ಹಾಜರಿ ಕರೆಯುವ ಒಂದು ಪದ್ಧತಿಯ ಬಗ್ಗೆ, ಆ ಪದ್ಧತಿಯಲ್ಲಿ ನಾನು ಮಾಡಿದ ತಪ್ಪಿನ ಬಗ್ಗೆ, ಆಮೇಲೆ ಹೇಳಿದ ಒಂದು ಸುಳ್ಳಿನ ಬಗ್ಗೆ. ನನ್ನ ಹೆಂಡತಿಗೂ ಇದನ್ನು ಪೂರ್ತಿ ಹೇಳಿಲ್ಲ.

ಹಳ್ಳಿಯ ಹುಡುಗರಿಗೆ ಇಂಗ್ಲಿಷಿನಲ್ಲಿ ಕಷ್ಟವಾಗುವುದು ಸ್ಪೆಲ್ಲಿಂಗ್ ಅಲ್ಲ. ಅದನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಅವರನ್ನು ಕಾಡುವುದು ಎರಡೆರಡು ಶಬ್ದ ಕೂಡಿ ಆದ ಕ್ರಿಯಾಪದಗಳು. ನಮ್ಮ ಹುಡುಗರು ಅವಕ್ಕೆ ‘ಜೋಡಿ ವರ್ಬು’ ಎನ್ನುತ್ತಿದ್ದರು. ‘ಗಿವ್’ ಅಂದರೆ ಕೊಡು, ‘ಅಪ್’ ಅಂದರೆ ಮೇಲೆ. ಎರಡೂ ಕೂಡಿದರೆ ‘ಕೈ ಬಿಡು’ ಹೇಗಾಯಿತು ಎಂದು ಒಬ್ಬ ಕೇಳಿದ್ದ. “ನಿಮ್ಮ ಮಾವ ನಿಮ್ಮಪ್ಪಗ ಕೈ ಕೊಟ್ಟ ಅಂತೀರಲ್ಲ, ಕೈ ಕತ್ತರಿಸಿ ಕೊಟ್ಟನೇನು?” ಎಂದಿದ್ದೆ. ಅವನಿಗೆ ಅಷ್ಟು ಸಾಕಾಯಿತು.

ಅವರನ್ನು ನೋಡಿ ನಗುವ ಯೋಗ್ಯತೆ ನನಗೂ ಇರಲಿಲ್ಲ. ಡಿಗ್ರಿ ಮುಗಿಸಿ ಬಂದ ನನಗೆ ದೊಡ್ಡ ದೊಡ್ಡ ಶಬ್ದ ಗೊತ್ತಿದ್ದವು, ಸಣ್ಣವು ಗೊತ್ತಿರಲಿಲ್ಲ. ನೌಕರಿಯ ಮೊದಲ ವರ್ಷ ತಪಾಸಣೆಗೆ ಬಂದ ಸಾಹೇಬರೊಬ್ಬರು ನನ್ನ ಪಾಠ ಅರ್ಧಕ್ಕೆ ನಿಂತದ್ದು ಕಂಡು “ಕ್ಯಾರಿ ಆನ್” ಎಂದರು. ಎತ್ತಿಕೊಂಡು ನಡಿ ಎಂದರೇನೋ ಎಂದು ಅವರ ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿಬಿಟ್ಟೆ. ಅಂದಿನಿಂದ ಈ ಜೋಡಿ ವರ್ಬುಗಳನ್ನು ನಾನೂ ಹುಡುಗರ ಜೊತೆ ಕೂತೇ ಕಲಿತೆ.

ಎಪ್ಪತ್ತರ ದಶಕದ ನಡುವೆ ನನ್ನನ್ನು ನವಲಗುಂದ ಮತ್ತು ಅಣ್ಣಿಗೇರಿಯ ನಡುವಿನ ಒಂದು ಊರಿನ ಹೈಸ್ಕೂಲಿಗೆ ಹಾಕಿದರು. ಊರಿನ ಹೆಸರು ಬೇಡ. ಮಣ್ಣಿನ ಮಾಳಿಗೆಯ ಸಾಲಿ, ಸುತ್ತಲೂ ಕರಿ ಮಣ್ಣಿನ ಎರಿ ಹೊಲ, ಮಳೆ ಬಿದ್ದ ದಿನ ಎರಡೆರಡು ಸೇರು ಕೆಸರು ಕಾಲಿಗೆ ಕಟ್ಟಿಕೊಂಡು ಹುಡುಗರು ಬರುತ್ತಿದ್ದರು. ನನಗಿಂತ ಮುಂಚೆ ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಪಾಟೀಲ ಮಾಸ್ತರರು ಆ ವರ್ಷದ ಸಾಲಿ ಸುರುವಾಗಿ ಕೆಲವು ವಾರಕ್ಕೇ ವರ್ಗವಾಗಿ ಹೋಗಿದ್ದರು. ಹೋಗುವಾಗ ಒಂದು ಹಾಳೆ ಬಿಟ್ಟು ಹೋಗಿದ್ದರು. ಅದರಲ್ಲಿ ಒಂದರಿಂದ ಮೂವತ್ತೆರಡರವರೆಗೆ ನಂಬರು, ಪ್ರತಿ ನಂಬರಿನ ಮುಂದೆ ಒಂದು ಜೋಡಿ ವರ್ಬು, ಅದರ ಕನ್ನಡ ಅರ್ಥ. ಹತ್ತನೆಯ ತರಗತಿಯಲ್ಲಿ ಹಾಜರಿ ಕರೆದಾಗ ‘ಎಸ್ ಸರ್’ ಅನ್ನುವಂತಿಲ್ಲ. ತನ್ನ ನಂಬರಿನ ಶಬ್ದ ಮತ್ತು ಅರ್ಥ ಹೇಳಬೇಕು. ಹೀಗೆ ದಿನಾ ಮೂವತ್ತೆರಡು ಶಬ್ದ ಎಲ್ಲರ ಕಿವಿಗೂ ಬೀಳುತ್ತಿದ್ದವು. ಕಲಿಸುವ ಪದ್ಧತಿಗಳು ಆಮೇಲೆ ಎಷ್ಟೋ ಬಂದು ಹೋದವು. ಕನ್ನಡದ ಅರ್ಥ ಹೇಳಲೇಬಾರದು ಎಂದವರೂ ಬಂದರು. ಪಾಟೀಲ ಮಾಸ್ತರರ ಆ ಹಾಳೆಯಷ್ಟು ಕೆಲಸ ಯಾವುದೂ ಮಾಡಲಿಲ್ಲ.

ಮೊದಲ ದಿನ ಪುಸ್ತಕದಲ್ಲಿ ತಲೆ ಹುದುಗಿಸಿಕೊಂಡೇ ನಂಬರು ಕರೆದೆ.

“ಹದಿನಾರು.”

“ಲುಕ್ ಫಾರ್. ಹುಡುಕು.”

“ಹದಿನೇಳು.”

“ಪುಟ್ ಆಫ್. ಮುಂದಕ್ಕ ಹಾಕು.”

“ಹದಿನೆಂಟು.”

“ಗಿವ್ ಅಪ್. ಕೈ ಬಿಡು.”

ಮೂರನೆಯ ದಿನ ನನ್ನ ಕಣ್ಣಿಗೆ ಬಿತ್ತು: ಹಾಜರಿ ಪುಸ್ತಕದಲ್ಲಿ ಹದಿನೇಳರ ಮುಂದೆ ಹೆಸರೇ ಇರಲಿಲ್ಲ. ತರಗತಿಯಲ್ಲಿದ್ದದ್ದು ಮೂವತ್ತೊಂದೇ ಮಕ್ಕಳು. ಹಾಗಾದರೆ ಮೂರು ದಿನ ಉತ್ತರ ಕೊಟ್ಟವರು ಯಾರು? ಆ ದನಿ ನನಗೆ ಚೆನ್ನಾಗಿ ನೆನಪಿತ್ತು. ಒಡೆಯುತ್ತಿರುವ ಗಂಡುಹುಡುಗನ ದನಿ, ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಸ್ವಲ್ಪ ಗೊಗ್ಗರು.

“ಯಾವಂವ ಅವ, ಎದ್ದ ನಿಲ್ಲು” ಎಂದೆ. ಯಾರೂ ಏಳಲಿಲ್ಲ. ಕಿಡಿಗೇಡಿತನವಾದರೆ ಹಿಂದಿನ ಬೆಂಚಿನಲ್ಲಿ ಒಬ್ಬನಾದರೂ ಕಿಸಕ್ಕನೆ ನಗಬೇಕು. ಇಲ್ಲಿ ಯಾರೂ ನಗಲಿಲ್ಲ. ಎಲ್ಲರೂ ತಲೆ ತಗ್ಗಿಸಿಕೊಂಡು ತಮ್ಮ ತಮ್ಮ ಪಾಟಿಚೀಲ ನೋಡುತ್ತಾ ಕೂತರು. ಮೈ ಜುಂ ಎಂದಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಒಂದು ಉಪಾಯ ಮಾಡಿದೆ. ಹದಿನಾರು ಆದ ಮೇಲೆ ಸೀದಾ ಹದಿನೆಂಟು ಎಂದೆ. ಹದಿನೆಂಟರವನು ಬಾಯಿ ತೆಗೆಯಲಿಲ್ಲ, ಕಾದ. ನಡುವೆ ಆ ದನಿ ತನ್ನಷ್ಟಕ್ಕೆ “ಪುಟ್ ಆಫ್. ಮುಂದಕ್ಕ ಹಾಕು” ಎಂದಿತು. ಆಮೇಲೆ ಅವನು “ಗಿವ್ ಅಪ್” ಎಂದ. ಒಂದು ವಾರ ಗಂಡುಹುಡುಗರ ತುಟಿಗಳನ್ನೇ ಕಾಯ್ದೆ. ಒಬ್ಬನ ತುಟಿಯೂ ಅಲುಗಲಿಲ್ಲ.

ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಅದೇ ಊರಿನವರು, ಮಾತು ಕಮ್ಮಿ. “ಅದನ್ನ ಹಂಗ ಬಿಡ್ರಿ ಮಾಸ್ತರ. ನಂಬರ್ ಖಾಲಿ ಬಿಡಿಸಿದಾಂವ ನಾನ. ವ್ಯಾಳ್ಯಾ ಬಂದಾಗ ಹೇಳ್ತೀನಿ” ಎಂದು ಚಹಾಕ್ಕೆ ಹೇಳಿ ಕಳಿಸಿದರು. ದೊಡ್ಡವರು ಚಹಾಕ್ಕೆ ಹೇಳಿ ಕಳಿಸಿದರೆ ಮಾತು ಮುಗಿಯಿತು ಎಂದು ಅರ್ಥ.

ಆ ದಿನಗಳಲ್ಲಿ ಇನ್ನೊಂದು ಕಂಡಿದ್ದೆ, ಲಕ್ಷ್ಯ ಕೊಟ್ಟಿರಲಿಲ್ಲ. ಹಾಜರಿ ಕರೆಯುವ ಹೊತ್ತಿಗೆ ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು ನಿಲ್ಲುತ್ತಿದ್ದಳು. ಹಾಜರಿ ಮುಗಿಯುವ ಮೊದಲೇ ಹೊಲದ ಹಾದಿ ಹಿಡಿಯುತ್ತಿದ್ದಳು. ಮಕ್ಕಳ ಇಂಗ್ಲಿಷ್ ಕೇಳಲು ಚೆಂದವಾಗುತ್ತದೇನೋ ಎಂದುಕೊಂಡಿದ್ದೆ.

ಶ್ರಾವಣದಲ್ಲಿ ತಪಾಸಣೆ ಬಂತು. ಈ ಸಲದ ಸಾಹೇಬರು ವಯಸ್ಸಾದವರು, ನಿಧಾನಸ್ಥರು. ಹಿಂದಿನ ಬೆಂಚಿನಲ್ಲಿ ಕೂತು, “ನಿಮ್ಮ ಹಾಜರಿ ಪದ್ಧತಿ ಭಾಳ ಕೇಳೀನಿ, ಕರೀರಿ ನೋಡೂಣು” ಎಂದರು. ನಾನು ಕರಿಹಲಗೆಯ ಹತ್ತಿರ ನಿಂತು, ಮಕ್ಕಳ ಕಡೆ ಮುಖ ಮಾಡಿ, ಪುಸ್ತಕ ಎದೆಯ ಹತ್ತಿರ ಹಿಡಿದು ಕರೆಯತೊಡಗಿದೆ. ಹದಿನೇಳನ್ನು ಕರೆಯದೆ ದಾಟಿದೆ. ದನಿ ಬಂತು. ಎಂದಿಗಿಂತ ಆ ದಿನ ಹತ್ತಿರದಿಂದ, ನೆಲದ ಸಮೀಪದಿಂದ ಬಂದಂತೆ ನನಗೆ ಅನಿಸಿತು. ಆ ದಿನ ಗಂಡುಹುಡುಗರನ್ನಷ್ಟೇ ಅಲ್ಲ, ಇಡೀ ತರಗತಿಯನ್ನು ನೋಡುತ್ತಿದ್ದೆ. ಎಲ್ಲರ ಬಾಯಿಯೂ ಮುಚ್ಚಿತ್ತು. ಇಪ್ಪತ್ತನಾಲ್ಕಕ್ಕೆ ಬಂದಾಗ ಉತ್ತರ ಬರಲಿಲ್ಲ. ಅದು ನೀಲವ್ವನ ನಂಬರು. ತರಗತಿಯಲ್ಲೇ ಚುರುಕಾದ ಹುಡುಗಿ, ಅವಳ ಶಬ್ದ ‘ಲುಕ್ ಆಫ್ಟರ್, ಜ್ವಾಪಾನ ಮಾಡು’. ಪಕ್ಕದವಳು ಎದ್ದು, “ನೀಲವ್ವಗ ಚಳಿಜ್ವರ ಬಂದಾವ್ರಿ ಸರ” ಎಂದಳು.

ಹಾಜರಿ ಮುಗಿದ ಮೇಲೆ ಸಾಹೇಬರು ಎದ್ದು ಬೆರಳಿನಿಂದ ಒಂದೊಂದೇ ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಮಾಸ್ತರ, ತಲಿ ಮೂವತ್ತು ಅದಾವ. ನಾ ಕೇಳಿದ್ದು ಮೂವತ್ತೊಂದು ದನಿ.”

ಅವರು ಬಂದು ಪುಸ್ತಕ ನೋಡಿದರು, ಹದಿನೇಳರ ಖಾಲಿ ಜಾಗದ ಮೇಲೆ ಬೆರಳಿಟ್ಟರು, ತೆಗೆದರು. ಕುಡಿಯಲು ನೀರು ಬೇಡಿದರು. ಹೋಗುವಾಗ ಬಾಗಿಲ ಹೊರಗೆ ನಿಂತು, “ಒಬ್ಬೊಬ್ಬಗ ಒಂದೊಂದ ಶಬ್ದ ಹಚ್ಚಿಬಿಟ್ರ ಗಿಣಿಪಾಠ ಆಗ್ತದ. ತಿಂಗಳಿಗೊಮ್ಮೆ ಶಬ್ದ ಸರಿಸ್ರಿ” ಎಂದಷ್ಟೇ ಹೇಳಿದರು. ಮತ್ತೆ ಆ ತರಗತಿಯ ಒಳಗೆ ಕಾಲಿಡಲಿಲ್ಲ.

ಅವರ ಜೀಪು ಹೋದ ಮೇಲೆ ಹೆಡ್ ಮಾಸ್ತರರು ನನ್ನನ್ನು ಕೂಡಿಸಿಕೊಂಡು ಹೇಳಿದರು. ನೀಲವ್ವ ಮತ್ತು ಈರಣ್ಣ ಅವಳಿ ಮಕ್ಕಳು, ಹೋದ ವರ್ಷ ಇದೇ ಹತ್ತನೆಯ ತರಗತಿಯಲ್ಲಿದ್ದರು. ಹದಿನೇಳು ಈರಣ್ಣನ ನಂಬರು. ತಂದೆ ಮೊದಲೇ ತೀರಿಕೊಂಡಿದ್ದ. ಮನೆಯಲ್ಲಿ ತಾಯಿ ಬಸವ್ವ ಒಬ್ಬಳೇ. ಆ ಕಡೆ ಜೋಳ ಇಡಲು ಮನೆಯ ಮುಂದೆ ನೆಲದೊಳಗೆ ಹಗೇವು ತೋಡಿರುತ್ತಾರೆ. ಬಾಯಿ ಸಣ್ಣದು, ಒಳಗೆ ಎರಡಾಳು ಆಳ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆಗೆದು ಒಂದು ದಿನ ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಆ ದಿನ ಮನೆಯಲ್ಲಿ ಹಿಟ್ಟು ಮುಗಿದಿತ್ತು. ತಾಯಿ ಜೋಳ ತೆಗೆಯಿರಿ ಎಂದಳು. ದೀಪ ಇಳಿಸಿದರು, ಆರಿತು. ಗಾಳಿಗೆ ಆರಿತು ಎಂದುಕೊಂಡು ಈರಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೇಲೆ ಹಗ್ಗ ಹಿಡಿದವಳು ನೀಲವ್ವ. ಮೊದಲು ಅವನು ಮಾತಾಡುತ್ತಲೇ ಇದ್ದ. ಆಮೇಲೆ ಮಾತು ನಿಂತಿತು, ಹಗ್ಗ ಭಾರವಾಯಿತು. ಅವಳೊಬ್ಬಳಿಂದ ಎಳೆಯಲಾಗಲಿಲ್ಲ.

“ಸಾಲಿಗೆ ತಿರುಗಿ ಬಂದ ದಿನದಿಂದ ಹದಿನೇಳಕ್ಕ ಆಕೀನ ಅಂತಾಳ. ಅವನ ದನೀಲೆ. ಪಾಟೀಲ ಮಾಸ್ತರಗ ತಡೀಲಿಕ್ಕೆ ಮನಸ್ಸಾಗಲಿಲ್ಲ, ನನಗೂ ಆಗಲಿಲ್ಲ” ಎಂದರು.

ನನಗೆ ಆಗ ಹೊಳೆಯಿತು: ನಾನು ವಾರವಿಡೀ ಕಾಯ್ದದ್ದು ಗಂಡುಹುಡುಗರ ತುಟಿ. ಹೆಣ್ಣುಮಕ್ಕಳ ಬೆಂಚಿನ ಕಡೆ ನೋಡಿಯೇ ಇರಲಿಲ್ಲ. “ಆದ್ರ ಇವತ್ತು ಆಕಿ ಬಂದೇ ಇಲ್ಲಲ್ರಿ?” ಎಂದೆ.

“ಆಕಿ ಬದಲಿ ಯಾರೋ ಅಂದಿರ್ತಾರ” ಎಂದರು ಹೆಡ್ ಮಾಸ್ತರರು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ನಾನೂ ಯಾರದೋ ತುಟಿ ನೋಡುವುದು ತಪ್ಪಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ನಾಲ್ಕು ದಿನದ ಮೇಲೆ ನೀಲವ್ವ ಬಂದಳು, ಜ್ವರದಿಂದ ಕಡ್ಡಿಯಾಗಿದ್ದಳು. ಅವಳ ಹಿಂದಿನ ವರ್ಷದ ಅಂಕಪಟ್ಟಿ ತೆಗೆಸಿ ನೋಡಿದ್ದೆ. ಉಳಿದೆಲ್ಲ ವಿಷಯದಲ್ಲೂ ಅಂಕ ಚೆನ್ನಾಗಿ ಬಂದಿದ್ದವು, ಇಂಗ್ಲಿಷಿನಲ್ಲಿ ಸೊನ್ನೆ. ಪತ್ರಿಕೆ ಖಾಲಿ ಕೊಟ್ಟಿದ್ದಳು. ನಪಾಸಾದವಳನ್ನು ಹೆಡ್ ಮಾಸ್ತರರು ಮತ್ತೊಂದು ವರ್ಷ ಕೂಡಿಸಿಕೊಂಡಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅವಳನ್ನು ಕರೆದು ಕೇಳಿದೆ.

“ಬೇಕಂತ ಖಾಲಿ ಕೊಟ್ಟೇನವಾ?”

“ಹೌದ್ರಿ ಸರ.”

“ಯಾಕ?”

“ಅವ್ವ ದಿನಾ ಕಿಟಕಿ ಹೊರಗ ಬಂದ ನಿಂದರ್ತಾಳ್ರಿ. ಈರಣ್ಣನ ದನಿ ಕೇಳಿದಮ್ಯಾಗ ಹೊಲಕ್ಕ ಹೋಗೂದು, ಕೇಳಿದಮ್ಯಾಗ ಉಣ್ಣೂದು. ನಾ ಪಾಸಾಗಿ ಹ್ವಾದ್ರ ಹದಿನೇಳಕ್ಕ ಯಾರಂತಾರ್ರಿ?”

“ಈ ವರ್ಷಾನೂ ಖಾಲಿ ಕೊಡಾಕೇನು?”

ಅವಳು ಹೌದೆಂಬಂತೆ ತಲೆ ಅಲುಗಿಸಿದಳು. ಇನ್ನೊಮ್ಮೆ ನಪಾಸಾದರೆ ಮತ್ತೆ ಕೂಡಿಸಿಕೊಳ್ಳಲು ಹೆಡ್ ಮಾಸ್ತರರಿಂದಲೂ ಆಗುತ್ತಿರಲಿಲ್ಲ. ಪಾಸಾದರೆ ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದು ಮಾಸ್ತರಿಕೆಯ ಟ್ರೇನಿಂಗ್ ಮಾಡಬಹುದಿತ್ತು. ಆ ಊರಿನಿಂದ ಅಷ್ಟು ಓದಿದ ಹೆಣ್ಣುಮಗಳು ಆವರೆಗೆ ಒಬ್ಬಳೂ ಇರಲಿಲ್ಲ.

ಇಷ್ಟು ಗೊತ್ತಿದ್ದೂ ನಾನು ಮಾಡಿದ ತಪ್ಪು ಕೇಳಿ. ಸಾಹೇಬರ ಮಾತಿನಂತೆ ತಿಂಗಳ ಮೊದಲನೆಯ ದಿನ ಶಬ್ದಗಳನ್ನು ಒಂದೊಂದು ನಂಬರು ಹಿಂದಕ್ಕೆ ಸರಿಸಿ, ಚೆಂದದ ಅಕ್ಷರದಲ್ಲಿ ದೊಡ್ಡ ಹಾಳೆ ಬರೆದು ಗೋಡೆಗೆ ಹಚ್ಚಿದೆ. ಬರೆಯುವಾಗ ನನ್ನ ಲಕ್ಷ್ಯವೆಲ್ಲ ಅಕ್ಷರ ಗುಂಡಗೆ ಬರುವುದರ ಮೇಲಿತ್ತು. ‘ಪುಟ್ ಆಫ್’ ಹದಿನಾರಕ್ಕೆ ಹೋಯಿತು. ಹದಿನೆಂಟರ ‘ಗಿವ್ ಅಪ್, ಕೈ ಬಿಡು’ ಹದಿನೇಳಕ್ಕೆ ಬಂತು.

ಮರುದಿನ ಹದಿನಾರರ ಹುಡುಗ “ಪುಟ್ ಆಫ್” ಎಂದಾಗ ಅವನ ದನಿ ನಡುಗಿತು. ಆಗಲೂ ನನಗೆ ತಿಳಿಯಲಿಲ್ಲ. ಹದಿನೇಳರ ಸರದಿಗೆ ತರಗತಿ ಕಾದಿತು. ನೀಲವ್ವ ಎರಡೂ ಕೈಯಿಂದ ಬೆಂಚು ಬಿಗಿಯಾಗಿ ಹಿಡಿದಿದ್ದಳು, ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಳು. ಆಗ ತಿಳಿಯಿತು. ಹಗ್ಗ ಹಿಡಿದವಳ ಬಾಯಿಂದ, ಅವನದೇ ದನಿಯಲ್ಲಿ, ‘ಕೈ ಬಿಡು’ ಎಂದು ಹೇಳಿಸಲು ನಾನು ಗೋಡೆಗೆ ಬರೆದು ಹಚ್ಚಿದ್ದೆ. ಹಾಳೆ ಹರಿದುಹಾಕಲೆಂದು ಗೋಡೆಯ ಕಡೆ ತಿರುಗಿದೆ.

ಆಗ ಕಿಟಕಿಯ ಹೊರಗಿನಿಂದ ಆ ದನಿ ಬಂತು.

“ಪುಟ್ ಆಫ್. ಮುಂದಕ್ಕ ಹಾಕು.”

ಅದೇ ಗೊಗ್ಗರು, ಅದೇ ಒಡೆದ ಗಂಡುದನಿ. ಬಿಸಿಲು ಚೆನ್ನಾಗಿ ಬಿದ್ದಿತ್ತು, ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ನೀಲವ್ವ ಎದ್ದು ನಿಂತಳು. ನಾನು ಹೊರಗೆ ಹೋದೆ. ಬಸವ್ವ ನಿಂತಿದ್ದಳು, ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು.

“ನೀವ ಅಂದ್ರೇನವಾ?”

“ಹೌದ್ರಿ. ಕೂಸು ಅನ್ನಲಾರದ ಒದ್ದಾಡಾಕತ್ತಿತ್ತು.”

“ದಿನಾ ಕೇಳೂ ದನಿ ಈರಣ್ಣಂದಲ್ಲ ಅಂತ ನಿಮಗ ಗೊತ್ತಿತ್ತ?”

“ಹಡದಾಕಿಗೆ ಗೊತ್ತಾಗೂದಿಲ್ಲೇನ್ರಿ, ಮಗಾ ಯಾವುದು ಮಗಳು ಯಾವುದು ಅಂತ? ಅವ ಹ್ವಾದಮ್ಯಾಗ ತಿಂಗಳಗಟ್ಲೆ ಆಕಿ ಬಾಯೇ ಬಿಡಲಿಲ್ಲ. ಸಾಲಿಗೆ ಬಂದ ದಿನಾ ಆ ಮಾತಂದ್ಳು. ಅದಕ್ಕಾದ್ರೂ ಬಾಯಿ ತಗದ್ಳಲ್ಲ ಅಂತ ದಿನಾ ಬಂದ ನಿಂದರ್ತೀನ್ರಿ. ಒಂದಿನ ಬರಲಿಲ್ಲಂದ್ರ ಆಕಿ ಮತ್ತ ಬಾಯಿ ಮುಚ್ಚಿದ್ರ?”

“ಅವನ ದನಿ ನಿಮಗ ಹೆಂಗ ಬಂತು?”

“ದಿನಾ ಕೇಳಿ ಬಂತ್ರಿ.”

ಕಿಟಕಿಯ ಸರಳು ಹಿಡಿದು ನೀಲವ್ವ ಇದನ್ನೆಲ್ಲ ಕೇಳುತ್ತಿದ್ದಳು. “ಯವ್ವಾ, ಕೇಳೂತನಕ ನೀ ಉಣ್ಣೂದಿಲ್ಲಂತ ತಿಳಕೊಂಡಿದ್ನೆಲ್ಲಬೇ” ಎಂದಳು. ತನ್ನ ಸ್ವಂತ ದನಿಯಲ್ಲಿ.

“ಹುಚ್ಚಿ, ನಾ ಮನ್ಯಾಗ ಉಂಡ ಬರ್ತಿದ್ದೆ” ಎಂದಳು ಬಸವ್ವ. ತಾಯಿ ಮಗಳು ಕಿಟಕಿಯ ಆಚೆ ಈಚೆ ನಿಂತು ಅತ್ತರು. ಒಳಗೆ ಇಡೀ ತರಗತಿ ಅತ್ತಿತು. ನನಗೂ ಕನ್ನಡಕ ಒರೆಸಿಕೊಳ್ಳುವ ಕೆಲಸ ಬಿತ್ತು. ಸಾಹೇಬರು ಬಂದ ದಿನದ ಗಂಟೂ ಬಿಚ್ಚಿತು ಎಂದುಕೊಂಡೆ. ಮಗಳು ಇಲ್ಲದ ದಿನ ತಾಯಿಯೇ ಹೊರಗೆ ನಿಂತು ಅಂದಿರಬೇಕು. ಮನಸ್ಸು ಹಗುರವಾಯಿತು.

ಮರುದಿನದಿಂದ ಹದಿನೇಳಕ್ಕೆ ಯಾರೂ ಉತ್ತರಿಸಲಿಲ್ಲ. ಬಸವ್ವ ನಿಲ್ಲದೆ ಹೊಲಕ್ಕೆ ಹೋದಳು. ನೀಲವ್ವ ಪರೀಕ್ಷೆ ಬರೆದಳು, ಇಂಗ್ಲಿಷಿನಲ್ಲಿ ನಮ್ಮ ಸಾಲಿಗೇ ಹೆಚ್ಚು ಅಂಕ ತೆಗೆದಳು.

ಅವಳು ಧಾರವಾಡಕ್ಕೆ ಹೊರಟ ದಿನ ಬಸ್ಸಿನವರೆಗೆ ನಾನೂ ಹೋದೆ. ರಸ್ತೆಯ ಪಕ್ಕ ಟ್ರಂಕು ಇಟ್ಟುಕೊಂಡು ತಾಯಿ ಮಗಳು ನಗುತ್ತಾ ಮಾತಾಡುತ್ತಿದ್ದರು. ನೀಲವ್ವ ಚೇಷ್ಟೆಗೆ, “ನಿನ್ನ ದನಿ ಕೇಳಿ ಸಾಹೇಬ್ರು ನೀರ ಬೇಡಿದ್ರಂತಲ್ಲಬೇ” ಎಂದಳು.

“ಯಾವ ಸಾಹೇಬ್ರು?”

“ನನಗ ಚಳಿಜ್ವರ ಬಂದಿದ್ವಲ್ಲ, ಆ ದಿನಾ. ಹದಿನೇಳಕ್ಕ ನೀನ ಅಂದಿ.”

ಬಸವ್ವನ ನಗು ನಿಂತಿತು. “ಆ ದಿನಾ ನಾ ಮನಿ ಬಿಟ್ಟ ಹೊರಗ ಬಿದ್ದಿಲ್ಲಲ್ಲ. ನಿನ್ನ ಹಣಿ ಮ್ಯಾಲಿನ ಒದ್ದಿ ಅರಿವಿ ಬದಲಿ ಮಾಡ್ಕೋಂತ ಕುಂತಿದ್ದೆ.”

ಇಬ್ಬರೂ ನನ್ನ ಕಡೆ ತಿರುಗಿದರು. ಅಣ್ಣಿಗೇರಿ ಕಡೆಯಿಂದ ಬಸ್ಸಿನ ಧೂಳು ಕಾಣಿಸುತ್ತಿತ್ತು. ನೀಲವ್ವ ಟ್ರಂಕಿನ ಹಿಡಿಕೆಯಿಂದ ಕೈ ತೆಗೆದಿದ್ದಳು. ಬೆಂಚು ಹಿಡಿದು ಕೂತ ದಿನದ ಅದೇ ಮುಖ. ನನಗೂ ಗೊತ್ತಿಲ್ಲ ಎಂದಿದ್ದರೆ ಅವಳು ಟ್ರಂಕು ಎತ್ತಿಕೊಂಡು ಸೀದಾ ಸಾಲಿಗೆ ತಿರುಗಿ ಹೋಗುತ್ತಿದ್ದಳು. ಅವನಿನ್ನೂ ಅಲ್ಲೇ ಇದ್ದಾನೆ ಎಂದು ನಂಬಿ, ಆ ಬೆಂಚಿನಲ್ಲೇ ಜನ್ಮ ಕಳೆಯುತ್ತಿದ್ದಳು.

“ನಾನ ಅಂದೆ” ಎಂದೆ. “ಸಾಹೇಬ್ರ ಮುಂದ ನಂಬರ್ ಖಾಲಿ ಹೋಗಬಾರ್ದು ಅಂತ ಪುಸ್ತಕ ಅಡ್ಡ ಹಿಡದ ಅಂದೆ.”

“ನಿಮಗೂ ಆ ದನಿ ಬರ್ತದೇನ್ರಿ ಸರ?”

“ದಿನಾ ಕೇಳಿ ಬಂತು” ಎಂದೆ. ಬಸವ್ವನ ಮಾತನ್ನೇ ಕದ್ದು ಹೇಳಿದೆ. ನೀಲವ್ವ ನನ್ನನ್ನು ಒಂದು ಗಳಿಗೆ ನೋಡಿ, ನಕ್ಕು, ಬಸ್ಸು ಹತ್ತಿದಳು.

ಅದೇ ವಾರ ಖಾಲಿ ತರಗತಿಯಲ್ಲಿ ಒಬ್ಬನೇ ನಿಂತು ಆ ದನಿ ತೆಗೆಯಲು ನೋಡಿದೆ. ನನ್ನ ಗಂಟಲಿಗೆ ಅದು ಸಮೀಪವೂ ಬರಲಿಲ್ಲ. ಹಾಜರಿಯ ಆ ಪದ್ಧತಿಯನ್ನು ಅಲ್ಲಿಗೆ ನಿಲ್ಲಿಸಿದೆ. ಮುಂದೆ ಯಾವ ಸಾಲಿಯಲ್ಲೂ ಮಾಡಲಿಲ್ಲ. ಹೊಸ ಮಾಸ್ತರರಿಗೆ ನಾನು ಹೇಳುವುದು ಇಷ್ಟೇ: ಗೋಡೆಗೆ ಒಂದು ಶಬ್ದ ಬರೆದು ಹಚ್ಚುವ ಮುಂಚೆ ಅದು ಯಾವ ಮಗುವಿನ ಬಾಯಿಗೆ ಹೋಗುತ್ತದೆ ನೋಡಿಕೊಳ್ಳಿ. ಹಾಜರಿ ಕರೆಯುವಾಗ ತಲೆ ಎತ್ತಿ ಮುಖ ನೋಡಿ.

ನೀಲವ್ವ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಸ್ತರಿಕೆ ಮಾಡಿ ನಿವೃತ್ತಳಾದಳು. ಬಸವ್ವ ತೀರಿಕೊಂಡು ಬಹಳ ಕಾಲವಾಯಿತು. ಸಂಕ್ರಾಂತಿಗೆ ನೀಲವ್ವನಿಂದ ಎಳ್ಳು ಬೆಲ್ಲ ಇಂದಿಗೂ ತಪ್ಪದೆ ಬರುತ್ತದೆ. ಆ ಸಾಲಿಯ ಮಣ್ಣಿನ ಮಾಳಿಗೆ ಕೆಡವಿ ಹೊಸ ಕಟ್ಟಡ ಕಟ್ಟಿದ್ದಾರೆ, ಬೆಂಚುಗಳೂ ಹೋದವು. ತಿರುಗಿ ಹೋಗಿ ಕೂಡಲು ಈಗ ಜಾಗವೇ ಇಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನೀಲವ್ವ, ಆ ದಿನ ಹದಿನೇಳಕ್ಕೆ ಅಂದವನು ನಾನಲ್ಲ.